ನಾಲ್ಕು ಪ್ರಶ್ನೆಯಲ್ಲಿ ಚಟ ಪತ್ತೆಯಾಗುತ್ತದೆಯೇ?

ನಾಲ್ಕು ಪ್ರಶ್ನೆಗೆ ಉತ್ತರಿಸಿ, ಎರಡಕ್ಕೆ ‘ಹೌದು’ ಬಂದರೆ ನಿಮಗೆ ಕುಡಿತದ ಚಟ ಹಿಡಿದಿದೆ ಎನ್ನುವ ಮೆಸೇಜು ಆಗಾಗ ಬರುತ್ತಲೇ ಇರುತ್ತದೆ. ಹೆಚ್ಚಿನವರು ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಅದರ ತೀರ್ಪು ತಪ್ಪು.

ಪ್ರಶ್ನೆಗಳೇನೋ ನಿಜವಾದವೇ. ‘ಕೇಜ್’ ಎಂಬ ಹಳೆಯ ಪ್ರಶ್ನಾವಳಿಯವು. ಕುಡಿತ ಕಡಿಮೆ ಮಾಡಬೇಕು ಅನಿಸಿದೆಯಾ, ಯಾರಾದರೂ ಟೀಕಿಸಿದಾಗ ಕಿರಿಕಿರಿಯಾಗಿದೆಯಾ, ತಪ್ಪು ಮಾಡುತ್ತಿದ್ದೇನೆ ಅನಿಸಿದೆಯಾ, ಬೆಳಗ್ಗೆ ಎದ್ದ ಕೂಡಲೇ ಕುಡಿದದ್ದಿದೆಯಾ. ಎರಡು ‘ಹೌದು’ ಬಂದರೆ ವೈದ್ಯರು ಇನ್ನಷ್ಟು ವಿಚಾರಿಸಬೇಕು ಅಂತ ಅರ್ಥ, ಅಷ್ಟೇ. ಇದು ಜರಡಿ ಇದ್ದ ಹಾಗೆ, ರೋಗ ಇದೆ ಅಂತ ಹೇಳುವ ಪರೀಕ್ಷೆಯಲ್ಲ. ಎಷ್ಟು ಕುಡಿಯುತ್ತೀರಿ ಅಂತ ಇದು ಕೇಳುವುದೇ ಇಲ್ಲ. ಹತ್ತು ವರ್ಷದ ಹಿಂದೆ ಬಿಟ್ಟವರಿಗೂ ‘ಹೌದು’ ಬರಬಹುದು, ಅಲ್ವಾ? ಸೊನ್ನೆ ಬಂದರೆ ಎಲ್ಲ ಸರಿ ಅಂತಲೂ ಅಲ್ಲ. ಜನ ಮುಚ್ಚಿಡುತ್ತಾರೆ, ಕೆಲವೊಮ್ಮೆ ತಮ್ಮಿಂದಲೇ.

ನೀವೇ ಪರೀಕ್ಷಿಸಬಹುದು. ಪ್ರಶ್ನಾವಳಿಯ ಹೆಸರು ಹುಡುಕಿ, ಮೂಲ ಕೈಪಿಡಿಯ ಜೊತೆ ಹೋಲಿಸಿ. ಉದಾಹರಣೆಗೆ ಕುಡಿತದ ಬಗ್ಗೆಯೇ ಇರುವ ಇನ್ನೊಂದು ಪ್ರಶ್ನಾವಳಿ ‘ಆಡಿಟ್’ನಲ್ಲಿ 10 ಪ್ರಶ್ನೆ, ಒಟ್ಟು 40 ಅಂಕ. 8 ಅಥವಾ ಜಾಸ್ತಿ ಬಂದರೆ ಕುಡಿತದಿಂದ ಹಾನಿಯ ಅಪಾಯ ಇರಬಹುದು ಎಂಬ ಸೂಚನೆ. ಮೆಸೇಜಿನಲ್ಲಿ ಹೆಸರೇ ಇಲ್ಲದಿದ್ದರೆ, ಪ್ರಶ್ನೆ ಬದಲಾಗಿದ್ದರೆ ಆ ಅಂಕವನ್ನು ನಂಬಬೇಡಿ.

ಇನ್ನೊಂದು ವಿಷಯ. ದಿನವೂ ತುಂಬಾ ಕುಡಿಯುವವರು ಅಂಕ ನೋಡಿ ಹೆದರಿ ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಅವರು ವೈದ್ಯರನ್ನು ಕಂಡ ಮೇಲೆಯೇ ಕುಡಿತ ಬಿಡಬೇಕು.