ತಿನ್ನಿ, ಆದರೆ ನಿಲ್ಲಬೇಡಿ

ಜುಲೈ ತಿಂಗಳ ನಡುಹಗಲು ಇಟಲಿಯ ಫ್ಲಾರೆನ್ಸ್‌ನಲ್ಲಿ ಕಲೆಯನ್ನು ಸವಿಯಲು ರಸಿಕತೆ ಇದ್ದರಷ್ಟೇ ಸಾಲದು, ಗಟ್ಟಿ ಕಾಲುಗಳೂ ಬೇಕು. ಸುತ್ತ ಗುಡ್ಡ, ನಡುವೆ ಆರ್ನೋ ನದಿ, ಗಾಳಿಯಾಡದ ಕಣಿವೆ. ಉಷ್ಣಾಂಶ 35 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಇಂಥ ಊರಿನಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಕುಳಿತು ಎರಡು ತುತ್ತು ತಿನ್ನುವವರನ್ನು ಎಬ್ಬಿಸುವುದು ಹೇಗೆಂದು ತಲೆ ಕೆಡಿಸಿಕೊಂಡವರೂ ಇದ್ದಾರೆ.

2017ರ ಬೇಸಿಗೆಯಲ್ಲಿ ಆಗಿನ ಮೇಯರ್ ದಾರಿಯೊ ನಾರ್ದೆಲ್ಲಾ ಸಾಂತಾ ಕ್ರೋಚೆ, ಸಾಂತೊ ಸ್ಪಿರಿತೊ ಚರ್ಚುಗಳ ಮೆಟ್ಟಿಲುಗಳಿಗೆ ಸರಿಯಾಗಿ ಊಟದ ಹೊತ್ತಿಗೆ ಪೈಪಿನಿಂದ ನೀರು ಬಿಡಿಸಿದರು. ಜಗಲಿಯ ಮೇಲೆ ಪೋಲಿ ಹುಡುಗರು ಕೂರದಿರಲೆಂದು ಅಜ್ಜಿ ಬಿಂದಿಗೆ ನೀರು ಸುರಿಯುವ ಉಪಾಯವೇ, ನಗರಾಡಳಿತದ ಖರ್ಚಿನಲ್ಲಿ. ಆ ಬಿಸಿಲಿಗೆ ಕಲ್ಲು ಎಷ್ಟು ಹೊತ್ತು ಒದ್ದೆಯಾಗಿರುತ್ತದೆ ಎಂದು ಯಾರೂ ಲೆಕ್ಕ ಹಾಕಿದಂತಿಲ್ಲ. ಕಾದ ಕಲ್ಲನ್ನು ತಣಿಸಿಕೊಟ್ಟದ್ದಕ್ಕೆ ಪ್ರವಾಸಿಗರು ಮೇಯರರಿಗೆ ಹಾರ ಹಾಕಬೇಕಿತ್ತು.

ನೀರು ಸಾಲದೆ 2018ರ ಸೆಪ್ಟೆಂಬರಿನಲ್ಲಿ ಆಜ್ಞೆಯೇ ಹೊರಟಿತು. ವಿಯಾ ದೆ ನೇರಿ ಎಂಬ ಬೀದಿ, ಉಫಿತ್ಸಿ ಕಲಾಸಂಗ್ರಹಾಲಯದ ಅಂಗಳ, ಇನ್ನೆರಡು ಜಾಗಗಳಲ್ಲಿ ಪಾದಚಾರಿ ಮಾರ್ಗದ ಮೇಲಾಗಲೀ ಅಂಗಡಿ, ಮನೆಗಳ ಹೊಸ್ತಿಲಲ್ಲಾಗಲೀ ನಿಂತು ಯಾವ ಬಗೆಯ ಆಹಾರವನ್ನೂ ತಿನ್ನುವಂತಿರಲಿಲ್ಲ. ದಂಡ 150ರಿಂದ 500 ಯೂರೋ. ನಮ್ಮವರು ಬೆಂಗಳೂರಿನಿಂದ ಹೊತ್ತು ತಂದ ಪುಳಿಯೋಗರೆ ಡಬ್ಬಿಗೂ ವಿನಾಯಿತಿಯಿರಲಿಲ್ಲ. ನಿಷೇಧದ ವೇಳೆ ಮಧ್ಯಾಹ್ನ 12ರಿಂದ 3, ಸಂಜೆ 6ರಿಂದ ರಾತ್ರಿ 10. ಅಂದರೆ ಮನುಷ್ಯನಿಗೆ ಹಸಿವಾಗುವ ಹೊತ್ತು ಪೂರ್ತಿ. ನಾಲ್ಕು ಗಂಟೆಗೆ ಬಾಯಾಡಿಸಿದರೆ ನಗರದ ಮಾನ ಹೋಗುತ್ತಿರಲಿಲ್ಲ.

ನಿವಾಸಿಗಳ ದೂರು ಸುಳ್ಳಲ್ಲ. ಸ್ಕಿಯಾಚ್ಚಾತಾ ಎಂಬ ಎಣ್ಣೆ ಸವರಿದ ಬ್ರೆಡ್ಡಿಗಾಗಿ ನಿಂತ ಸಾಲು ಮನೆಬಾಗಿಲನ್ನೇ ಮುಚ್ಚಿಬಿಟ್ಟರೆ ಯಾರಿಗಾದರೂ ರೇಗುತ್ತದೆ. ಆದರೆ ಆಜ್ಞೆ ಹಿಡಿದದ್ದು ನಿಂತವನನ್ನು. ನಡೆಯುತ್ತಲೇ ತಿಂದರೆ, ಎದುರಿಗೆ ಬಂದವರ ಅಂಗಿಗೆ ಎಣ್ಣೆ ಸವರಿಕೊಂಡೇ ಹೋದರೂ, ಅಡ್ಡಿಯಿರಲಿಲ್ಲ. ಕೂತೇ ತಿನ್ನಬೇಕೆಂದರೆ ಹೋಟೆಲಿನ ಕುರ್ಚಿಯಿದೆ. ಅಲ್ಲಿ ಬಿಲ್ಲಿನ ತುದಿಗೆ 'ಕೊಪೆರ್ತೊ' ಎಂಬ ಬಾಬ್ತು ಸೇರಿ, ತಿಂದದ್ದರ ಜೊತೆಗೆ ಕೂತದ್ದಕ್ಕೂ ಕಾಸು.

ಅತ್ತ ಉಫಿತ್ಸಿಯ ಒಳಗೆ ಚಿತ್ರಕಾರ ಕಾರವಾಜ್ಜೊ ಬರೆದ ಮದ್ಯದ ದೇವರು ಬಾಕಸ್ ಹಾಯಾಗಿ ಒರಗಿದ್ದಾನೆ. ತಲೆಯಲ್ಲಿ ದ್ರಾಕ್ಷಿ ಎಲೆ, ಕೈಯಲ್ಲಿ ವೈನ್ ಬಟ್ಟಲು, ಉಗುರಿನಲ್ಲಿ ಕೊಳೆ, ಮುಂದೆ ಕೊಳೆಯತೊಡಗಿದ ಹಣ್ಣಿನ ಬುಟ್ಟಿ. ಅವನನ್ನು ನೋಡಲು ಜನ ದುಡ್ಡು ಕೊಟ್ಟು ಸಾಲು ನಿಲ್ಲುತ್ತಾರೆ. ಅವನಂತೆಯೇ ಅಂಗಳದಲ್ಲಿ ಒಂದು ಸೇಬು ಕಚ್ಚಿ ನಿಂತವನ ಬಳಿಗೆ ಆಗ ಬರುತ್ತಿದ್ದವರು ಪೊಲೀಸರು.

ಸಂಜೆಗೆ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಇದೆಯಲ್ಲ ಎನ್ನಬಹುದು. ಒಪೆರಾ ಹುಟ್ಟಿದ್ದೇ ಆ ಊರಿನಲ್ಲಿ. ಸಂಗೀತದ ಸಮೇತ ಉಳಿದುಬಂದ ಅತಿ ಹಳೆಯ ಒಪೆರಾ, ಸಂಗೀತಗಾರ ಪೇರಿಯ 'ಯುರಿದಿಚೆ', ಆ ಊರನ್ನಾಳುತ್ತಿದ್ದ ಮನೆತನದ ಮರಿಯಾ ದೆ ಮೆದಿಚಿಯ ಮದುವೆಯ ಸಂಭ್ರಮಕ್ಕೆಂದು 1600ರ ಅಕ್ಟೋಬರಿನಲ್ಲಿ ಅಲ್ಲಿನ ಪಿತ್ತಿ ಅರಮನೆಯಲ್ಲಿ ರಂಗವೇರಿತು. ಸತ್ತ ಹೆಂಡತಿ ಯುರಿದಿಚೆಯನ್ನು ಪಾತಾಳದಿಂದ ಕರೆತರುವ ಗಂಡ ದಾರಿಯಲ್ಲಿ ಹಿಂತಿರುಗಿ ನೋಡಿದರೆ ಅವಳು ಮತ್ತೆ ಪಾತಾಳದ ಪಾಲು ಎಂಬುದು ಗ್ರೀಕ್ ಪುರಾಣದ ಷರತ್ತು. ಮದುವೆ ಮನೆಯಲ್ಲಿ ಅಪಶಕುನವೇಕೆಂದು ಕವಿ ಅದನ್ನು ಕೈಬಿಟ್ಟ. ಪಾತಾಳದ ದೊರೆ ಪ್ಲುಟೋ ಒಂದು ಷರತ್ತೂ ಹಾಕದೆ ಯುರಿದಿಚೆಯನ್ನು ಗಂಡನ ಜೊತೆ ಕಳಿಸಿಕೊಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡನು: ಅಷ್ಟು ದೂರ ಹತ್ತಿ ಬಂದ ಆ ದಂಪತಿ 2018ರ ಸೆಪ್ಟೆಂಬರಿನ ಒಂದು ಸಂಜೆ ಏಳಕ್ಕೆ ವಿಯಾ ದೆ ನೇರಿ ತಲುಪಿ, ಹಸಿವು ತಾಳದೆ ಬ್ರೆಡ್ಡು ಕೊಂಡು ಅಲ್ಲೇ ನಿಂತಿದ್ದರೆ, ತಲೆಗೆ ಕನಿಷ್ಠ 150 ಯೂರೋ.