ಬುಲೆಟ್ಟಿನ ಬಗಲಿಗೆ ತೊಗಲಿನ ಚೀಲ

ಬೈಕಿಗೆ ಹಾಕುವ ಲೆದರ್ ಸ್ಯಾಡಲ್ ಬ್ಯಾಗಿನ ಜಾಹೀರಾತಿನಲ್ಲಿ ಯಾವತ್ತೂ ಮಳೆ ಬರುವುದಿಲ್ಲ. ಹಿಂದೆ ಮರಳುಗಾಡು, ಮುಂದೆ ಗಡ್ಡದ ಸವಾರ, ಪಕ್ಕದಲ್ಲಿ ಜೇನುಬಣ್ಣದ ಚೀಲ. ಅದನ್ನು ನೋಡಿ ಏಪ್ರಿಲ್‌ನಲ್ಲಿ ದುಡ್ಡು ಕಟ್ಟಿದ ಮಡಿಕೇರಿಯವರಿಗೆ ಚೀಲದ ಅಸಲಿ ಬಣ್ಣ ಗೊತ್ತಾಗುವುದು ಜುಲೈ–ಆಗಸ್ಟ್‌ನಲ್ಲಿ ಬರುವ ಕೊಡಗಿನ ಕಕ್ಕಡ ತಿಂಗಳಲ್ಲಿ. ಮನೆಯೊಳಗೆ ಮದ್ದುಸೊಪ್ಪಿನ ಪಾಯಸ ನೇರಳೆಯಾಗುತ್ತಿದ್ದರೆ ಜಗಲಿಯಲ್ಲಿ ಚೀಲ ಮೊದಲು ಬಿಳಿ, ಆಮೇಲೆ ಹಸಿರು. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಹೊಯ್ಯುವ ಊರಲ್ಲಿ ಚೀಲವನ್ನು ಬಣ್ಣ ನೋಡಿ ಕೊಳ್ಳುವಂತಿಲ್ಲ. ಅಂಚು, ದಾರ, ರಿವೆಟ್ ನೋಡಿ ಕೊಳ್ಳಬೇಕು.

ಅಂಗಡಿಯಲ್ಲಿ ಮೊದಲು ಮುಚ್ಚಳ ಎತ್ತಿ, ತೊಗಲು ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ಫುಲ್ ಗ್ರೇನ್, ಅಂದರೆ ಮೇಲ್ಪದರ ತೆಗೆಯದ ತೊಗಲು ಆದರೆ ಮೇಲಿನಿಂದ ಕೆಳಗಿನವರೆಗೂ ನಾರು ಕಾಣುತ್ತದೆ, ಮೇಲ್ಗಡೆ ಒತ್ತಾಗಿ, ಒಳಗಡೆ ಕೊಂಚ ಸಡಿಲವಾಗಿ. ಸ್ಪ್ಲಿಟ್ ಲೆದರ್ ಎಂದರೆ ಆ ಗಟ್ಟಿ ಮೇಲ್ಪದರವನ್ನು ಬೇರೆ ಯಾರಿಗೋ ಮಾರಿ, ಉಳಿದ ಒಳಪದರಕ್ಕೆ ಪ್ಲಾಸ್ಟಿಕ್ ಲೇಪ ಹಚ್ಚಿದ್ದು. ಅಂಚಿನಲ್ಲಿ ಆ ಲೇಪ ತೆಳ್ಳಗಿನ ಗೆರೆಯಾಗಿ ಸಿಕ್ಕಿಬೀಳುತ್ತದೆ. ನಮ್ಮ ತೇವಕ್ಕೆ ಎರಡು ಮೂರು ಮಳೆಗಾಲದಲ್ಲಿ ಅದು ಚಕ್ಕೆಚಕ್ಕೆಯಾಗಿ ಏಳುತ್ತದೆ. ಇದರ ಮೇಲೂ ‘ಜೆನ್ಯೂಯಿನ್ ಲೆದರ್’ ಅನ್ನುವ ಮುದ್ರೆ ಇರಬಹುದು, ಆದ್ದರಿಂದ ಮುದ್ರೆ ಓದುವುದು ಬಿಟ್ಟು ಅಂಚು ನೋಡಿ. ಅಂಚಿಗೆ ದಪ್ಪಗೆ ಬಣ್ಣ ಬಳಿದಿದ್ದರೆ ಬಕಲ್ ಪಟ್ಟಿಯ ತೂತಿನೊಳಗೆ ಇಣುಕಿ. ಅಲ್ಲಿಗೆ ಬಣ್ಣ ಹಾಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಬೆಂಕಿಕಡ್ಡಿ ಗೀರಿ ಕೂದಲು ಸುಟ್ಟ ವಾಸನೆ ಬರುತ್ತದಾ ಎಂದು ನೋಡುವ ಪರೀಕ್ಷೆಯೂ ಉಂಟು. ಪರೀಕ್ಷೆ ಸರಿಯೇ, ಆದರೆ ಅಂಗಡಿಯವರು ನಿಮ್ಮನ್ನು ಇನ್ನೊಮ್ಮೆ ಒಳಗೆ ಬಿಡುವುದಿಲ್ಲ.

ದಪ್ಪ 3ರಿಂದ 4 ಮಿ.ಮೀ. ಬೇಕು. ಆನ್‌ಲೈನಿನಲ್ಲಿ ‘8–10 ಔನ್ಸ್’ ಎಂದು ಬರೆದಿದ್ದರೆ ಅದೂ ಇದೇ ದಪ್ಪ, ಒಂದು ಔನ್ಸಿಗೆ ಸುಮಾರು 0.4 ಮಿ.ಮೀ. ಲೆಕ್ಕ. ಅದನ್ನು ಚೀಲದ ತೂಕ ಅಂದುಕೊಂಡು ‘ಹಗುರ ಉಂಟು’ ಎಂದು ತರಿಸಿಕೊಂಡವರು ಪಾರ್ಸೆಲ್ ಎತ್ತುವಾಗ ಸೊಂಟ ಹಿಡಿದುಕೊಳ್ಳುತ್ತಾರೆ. ಚಕ್ರದ ಕಡೆಯ ಗೋಡೆಗೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆಯ ಬೆನ್ನು ಕೊಟ್ಟಿರಬೇಕು. ರಟ್ಟು ಕೊಟ್ಟಿದ್ದರೆ ಜೂನ್ ಮುಗಿಯುವುದರೊಳಗೆ ಅದು ಅಂಬಲಿ.

ದಾರ ಪಾಲಿಯೆಸ್ಟರ್ ಇಲ್ಲವೇ ನೈಲಾನ್ ಇರಲಿ, ಹತ್ತಿಯದು ಕೊಳೆಯುತ್ತದೆ. ಎರಡು ಸೂಜಿಯ ಕೈಹೊಲಿಗೆ ಸಿಕ್ಕಿದರೆ ಬಿಡಬೇಡಿ. ಒಂದು ಕಡೆ ಕಡಿದರೂ ಅಕ್ಕಪಕ್ಕದ್ದು ನಿಲ್ಲುತ್ತದೆ, ಮೆಷಿನ್ ಹೊಲಿಗೆ ಒಂದು ಕಡೆ ಬಿಟ್ಟರೆ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಇಂಚಿಗೆ ಐದಾರು ಹೊಲಿಗೆ ಸಾಕು. ಹತ್ತು ಹೊಲಿಗೆ ಇದ್ದರೆ ಅಷ್ಟೂ ತೂತುಗಳ ಸಾಲಿನಲ್ಲೇ ತೊಗಲು ಹರಿಯುತ್ತದೆ.

ರಿವೆಟ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ತಾಮ್ರ, ಹಿತ್ತಾಳೆ ಅಥವಾ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲು, ಮೂರರಲ್ಲಿ ಒಂದು. ಸಂಶಯ ಬಂದರೆ ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ತಾಮ್ರ, ಹಿತ್ತಾಳೆ ಅಂಟುವುದಿಲ್ಲ, ಪಾಲಿಷ್ ಹಾಕಿದ ಕಬ್ಬಿಣ ಟಪ್ಪೆಂದು ಅಂಟುತ್ತದೆ. ಮರದ ತೊಗಟೆಯ ಒಗರಿನಲ್ಲಿ ಹದ ಮಾಡಿದ ತೊಗಲಿಗೆ ಕಬ್ಬಿಣ ಮತ್ತು ನೀರು ಸೇರಿದರೆ ರಿವೆಟ್ಟಿನ ಸುತ್ತ ನೀಲಿಗಪ್ಪು ಕಲೆ ಹರಡುತ್ತದೆ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದುದೂ ಇದೇ ಒಗರು, ಇದೇ ಕಬ್ಬಿಣದಿಂದ. ಬೂಷ್ಟು ಎಂದುಕೊಂಡು ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹುಳಿ ತಾಗಿದರೆ ಕಲೆ ಇನ್ನೂ ಬೇಗ, ಹಾಗಾಗಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬದೊಳಗೆ ನಿಲ್ಲಿಸಿಯೇ ಇಡಿ.

ಬಾಟಲಿ ಬಂದೇ ಬರುತ್ತದೆ. ಬೈಕಿನಲ್ಲಿ ಚೀಲ ಕಂಡ ಕೂಡಲೇ ನೆಂಟರಿಗೆ ಮೈಸೂರು ನೆನಪಾಗುತ್ತದೆ. “ಬಾವ, ಹೇಗೂ ಹೋಗ್ತಿದ್ದೀರಲ್ಲ, ಇದೊಂದು ಸಣ್ಣ ಕಟ್ಟು ಅಕ್ಕನ ಮನೆಗೆ ಕೊಟ್ಟುಬಿಡಿ” ಎಂದು ಕೊಟ್ಟ ಸಣ್ಣ ಕಟ್ಟಿನೊಳಗೆ ಎರಡು ಕೆ.ಜಿ. ಕಾಫಿಪುಡಿ, ಒಂದು ಕೆ.ಜಿ. ಕರಿಮೆಣಸು, ಮೇಲೆ ಕಿತ್ತಳೆ. ಒಂದು ಬದಿಗೆ ನಾಲ್ಕೈದು ಕೆ.ಜಿ. ದಾಟಿಸಬೇಡಿ, ಎರಡೂ ಬದಿ ಹೆಚ್ಚುಕಡಿಮೆ ಸಮ ಇರಲಿ, ಭಾರದ್ದು ತಳಕ್ಕೆ ಹೋಗಲಿ. ಬಲಕ್ಕೆ ಮೆಣಸು, ಎಡಕ್ಕೆ ಬರೀ ರೇನ್‌ಕೋಟ್ ಹಾಕಿ ಸಂಪಾಜೆ ಘಾಟಿ ಇಳಿದರೆ ಪ್ರತಿ ತಿರುವಿನಲ್ಲೂ ಗಾಡಿ ತನ್ನದೇ ಅಭಿಪ್ರಾಯ ಹೇಳುತ್ತದೆ.

ಬುಲೆಟ್, ಕ್ಲಾಸಿಕ್ 350 ಇರುವವರು ಗಮನಿಸಿ: ಎಡಕ್ಕೆ ಸೀರೆ ಗಾರ್ಡ್ ಇರುವುದರಿಂದ ಆ ಚೀಲ ಚಕ್ರಕ್ಕೆ ಸಿಕ್ಕುವುದಿಲ್ಲ. ಬಲಕ್ಕೆ ಗಾರ್ಡೂ ಇಲ್ಲ, ಮೇಲಿಂದ ಸೈಲೆನ್ಸರ್ ಬೇರೆ. ಅಲ್ಲೊಂದು ಕಬ್ಬಿಣದ ಸ್ಟೇ, ಅಂದರೆ ಚೀಲ ಒಳಕ್ಕೆ ವಾಲದಂತೆ ತಡೆಯುವ ಕಂಬಿ, ಹಾಕಿಸಲೇಬೇಕು. ಚೀಲದ ತಳಕ್ಕೂ ಸೈಲೆನ್ಸರಿಗೂ ಕನಿಷ್ಠ ಎರಡು ಇಂಚು ಸಂದಿ ಇರಲಿ. ಅಳೆಯುವಾಗ ಚೀಲ ತುಂಬಿಸಿ, ಹಿಂದೊಬ್ಬರನ್ನು ಕೂರಿಸಿ. ಖಾಲಿ ಗಾಡಿಯಲ್ಲಿ ಕಾಣುವ ಎರಡು ಇಂಚು, ಮಾವನವರು ಕೂತು ಶಾಕ್ ಅಬ್ಸಾರ್ಬರ್ ತಗ್ಗಿದ ಮೇಲೆ ಉಳಿಯುವುದಿಲ್ಲ. ಬಿಸಿ ತಾಗಿದ ತೊಗಲು ಮುದುಡಿ ಗಟ್ಟಿಯಾಗುತ್ತದೆ, ಎಣ್ಣೆ ಹಚ್ಚಿದರೂ ಹಿಂದಿನಂತಾಗುವುದಿಲ್ಲ. ಇಂಡಿಕೇಟರ್ ಮುಚ್ಚಿದೆಯಾ ಎಂದೂ ಒಮ್ಮೆ ಹಿಂದೆ ನಿಂತು ನೋಡಿ.

‘ವಾಟರ್‌ಪ್ರೂಫ್’ ಅನ್ನುವ ಮಾತನ್ನು ಮಡಿಕೇರಿಯಲ್ಲಿ ಯಾರೂ ನಂಬಬಾರದು. ತೊಗಲು ತಡೆದರೂ ಹೊಲಿಗೆಯ ತೂತು ತಡೆಯುವುದಿಲ್ಲ. ಒಳಗೆ ಬಾಯಿ ಸುತ್ತಿ ಮುಚ್ಚುವ ಪ್ಲಾಸ್ಟಿಕ್ ಚೀಲ ಇಟ್ಟು ಸಾಮಾನು ಅದರೊಳಗೆ ಹಾಕಿ. ತಳದ ಮೂಲೆಯಲ್ಲಿ 6 ಮಿ.ಮೀ. ತೂತು ಕೊರೆಸಿ ಹಿತ್ತಾಳೆ ಕಣ್ಣು ಹಾಕಿಸಿ. ಹೊಸ ಚೀಲಕ್ಕೆ ತೂತಾ ಎಂದು ಮನೆಯವರು ಬಾಯಿ ಬಿಡುತ್ತಾರೆ. ತೂತಿಲ್ಲದ ಚೀಲದ ತಳದಲ್ಲಿ ನೀರು ನಿಂತು ಸಂಜೆಯವರೆಗೂ ಕುಲುಕುತ್ತದೆ.

ನೆನೆದ ಚೀಲವನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕುವುದು ನಮ್ಮ ಕಡೆಯ ದೊಡ್ಡ ಅಪರಾಧ. ಅಲ್ಲಿ ಒಣಗಿದ್ದೆಲ್ಲ ಚೆನ್ನಾಗಿರುತ್ತದೆ, ತೊಗಲು ಮಾತ್ರ ಸೀಳುತ್ತದೆ. ಒಳಗೆ ಹಳೆ ಪೇಪರ್ ತುರುಕಿ, ಒದ್ದೆಯಾದಂತೆ ಬದಲಿಸುತ್ತಾ ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಬೂಷ್ಟು ಬಂದಿದ್ದರೆ ಅಂಗಳಕ್ಕೆ ತಂದು ಬ್ರಷ್‌ನಿಂದ ಕೊಡವಿ. ಮೆಡಿಕಲ್‌ನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಸಮಪಾಲು ನೀರು ಬೆರೆಸಿ, ಕಾಣದ ಮೂಲೆಯಲ್ಲಿ ಮೊದಲು ಹಚ್ಚಿ ನೋಡಿ, ಆಮೇಲೆ ಪೂರ್ತಿ ಒರೆಸಿ. ಮನೆಯ ಕಪಾಟಿನ ಬ್ರಾಂದಿ ಇದಕ್ಕೆ ಬೇಡ, ಅದರಲ್ಲಿ ಸಕ್ಕರೆ ಇದ್ದರೆ ಬೂಷ್ಟಿಗೆ ಔತಣ.

ಪೂರ್ತಿ ಒಣಗಿದ ಮೇಲೆ ಜೇನುಮೇಣ ಬೆರೆತ ಲೆದರ್ ಪಾಲಿಷನ್ನು ತೆಳ್ಳಗೆ ಹಚ್ಚಿ. ತೆಂಗಿನೆಣ್ಣೆ ಬೇಡ. ಅದು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಚೀಲದ ಮೇಲೆ ಬೆಳ್ಳಗೆ ಕೂತಿದ್ದನ್ನು ಬೂಷ್ಟು ಎಂದು ತಿಕ್ಕಿ, ಬಿಸಿಲು ಬಂದ ಮೇಲೆ ಮಾಯವಾಯಿತೆಂದು ಖುಷಿಪಟ್ಟು, ಮಾರನೇ ದಿನ ಮತ್ತೆ ತಿಕ್ಕುವವರು ಊರಿಗೆ ಒಬ್ಬರಾದರೂ ಇದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲ ಕಳಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಮನೆಯೊಳಗಿಟ್ಟು, ಬೈಕಿಗೆ ರೆಕ್ಸಿನ್ ಚೀಲ ಕಟ್ಟುವುದು ಎಲ್ಲಕ್ಕಿಂತ ಸುಲಭದ ದಾರಿ. ನೆಂಟರ ಕಟ್ಟುಗಳಿಗೆ ರೆಕ್ಸಿನ್ ಆದರೂ ಅಡ್ಡಿಯಿಲ್ಲ.