ನೋಟ್‌ಬುಕ್ ಉಳಿಸಿದ್ದು ಕೋರ್ಟಿನ ಭಯ

1959ರ ಜನವರಿ 23ರಂದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್‌ನ ರಾಬರ್ಟ್ ನಾಯ್ಸ್ ತಮ್ಮ ನೋಟ್‌ಬುಕ್ಕಿನಲ್ಲಿ ಒಂದು ಯೋಚನೆ ಬರೆದಿಟ್ಟರು. ಒಂದೇ ಸಿಲಿಕಾನ್ ತುಂಡಿನ ಮೇಲೆ ಹಲವು ಬಿಡಿಭಾಗ ಮಾಡಿ, ಅಲ್ಲೇ ಒಂದಕ್ಕೊಂದು ಜೋಡಿಸಿದರೆ ಗಾತ್ರ, ತೂಕ, ಖರ್ಚು ಎಲ್ಲ ಇಳಿಯುತ್ತದೆ ಅಂತ. ಅಂದರೆ ನಾವು ಈಗ ಚಿಪ್ ಅನ್ನುವುದು. ಆ ಕಂಪನಿಯ ಪೇಟೆಂಟ್ ನೋಟ್‌ಬುಕ್‌ಗಳು ಈಗ ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿವೆ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮವರು ಸೇರಿದಾಗ ಇಂಥ ಮಾತು ಬಂದರೆ, 'ಇವರಿಗೆ ಇತಿಹಾಸದ ಬೆಲೆ ಗೊತ್ತು, ನಮಗಿಲ್ಲ' ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಎಂಜಿನಿಯರುಗಳು ತಾರೀಖು ಹಾಕಿ, ಸಾಕ್ಷಿ ಸಹಿ ಮಾಡಿಸಿದ್ದು ಮ್ಯೂಸಿಯಂಗೆ ಅಂತಲ್ಲ, ಕೋರ್ಟಿಗೆ ಅಂತ. 2013ರವರೆಗೂ ಅಮೆರಿಕದಲ್ಲಿ ಪೇಟೆಂಟ್ ಹಕ್ಕು ಮೊದಲು ಕಂಡುಹಿಡಿದವರದು, ಮೊದಲು ಅರ್ಜಿ ಹಾಕಿದವರದಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜ್ಯಾಕ್ ಕಿಲ್ಬಿ 1958ರ ಸೆಪ್ಟೆಂಬರ್ 12ರಂದೇ ಜರ್ಮೇನಿಯಂ (ಸಿಲಿಕಾನ್‌ನಂಥದ್ದೇ ಇನ್ನೊಂದು ವಸ್ತು) ಚಿಪ್ ಓಡಿಸಿ ತೋರಿಸಿದ್ದರು. ಇಬ್ಬರ ಕಡೆಯವರ ವ್ಯಾಜ್ಯ 1969ರವರೆಗೆ ನಡೆದು, ಚಿಪ್ಪಿನ ಮೇಲೇ ಮಾಡುವ ಜೋಡಣೆಯ ವಿಷಯದಲ್ಲಿ ತೀರ್ಪು ನಾಯ್ಸ್ ಪರ ಬಂತು. ತಮಾಷೆ ನೋಡಿ, ಅಷ್ಟರಲ್ಲಿ ಎರಡೂ ಕಂಪನಿಗಳು ರಾಜಿ ಮಾಡಿಕೊಂಡು ಲೈಸೆನ್ಸ್ ಹಂಚಿಕೊಂಡಾಗಿತ್ತು! ವಕೀಲರಿಗೆ ಬೇಕಿದ್ದ ಕಾಗದ ಇತಿಹಾಸಕಾರರ ಕೈಗೆ ಬಂತು, ಅಷ್ಟೇ.

ನಮ್ಮ ಭಾರತದಲ್ಲಿ ಪೇಟೆಂಟಿಗೆ ಲೆಕ್ಕ ಅರ್ಜಿಯ ತಾರೀಖು. ಲ್ಯಾಬ್ ನೋಟ್‌ಬುಕ್ ಜೋಪಾನ ಮಾಡಲು ಕಾನೂನಿನ ಒತ್ತಡ ಅಷ್ಟಿರಲಿಲ್ಲ. ಆದರೆ ಕೆಲಸವೇನು ಕಮ್ಮಿ ನಡೆದಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿರುವ ಸರ್ಕಾರಿ ಕಂಪನಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1960ರ ದಶಕದ ಮೊದಲಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರ್ ಮಾಡಲು ಶುರುಮಾಡಿತ್ತು. ಚಿಪ್ ಕತೆ ಅಂದರೆ ನಾವು 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದರಿಂದಲೇ ಹೇಳುತ್ತೇವೆ. ಅದಕ್ಕೂ ಮುಂಚೆ ಜಾಲಹಳ್ಳಿಯಲ್ಲಿ ಬೆವರು ಸುರಿಸಿದವರನ್ನು ಬಿಟ್ಟುಬಿಟ್ಟರೆ ಹೇಗೆ?

ಅವರಲ್ಲಿ ಈಗ ಇರುವವರಿಗೆ ಎಂಬತ್ತು ದಾಟಿದೆ. ಮನೆ ಬದಲಿಸುವಾಗ ಅವರ ಡೈರಿ, ತರಬೇತಿಯ ಟಿಪ್ಪಣಿ, ಬ್ಯಾಚ್ ಕೆಟ್ಟ ದಿನದ ಲೆಕ್ಕ ಎಲ್ಲ ರದ್ದಿಗೆ ಹೋಗುತ್ತದೆ. ಬೆಂಗಳೂರಿನಲ್ಲೇ ಜೀವವಿಜ್ಞಾನದ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ 2019ರಲ್ಲಿ ವಿಜ್ಞಾನದ ಕಾಗದಪತ್ರಗಳಿಗೆ ಸಾರ್ವಜನಿಕ ದಾಖಲೆ ಸಂಗ್ರಹ ತೆರೆಯಿತು. ಚಿಪ್ ಕಾರ್ಖಾನೆಗೆ ಸಬ್ಸಿಡಿ ಕೊಡುವ ಸರ್ಕಾರ ಅಂಥದ್ದೇ ಒಂದನ್ನು ಎಲೆಕ್ಟ್ರಾನಿಕ್ಸ್‌ಗೂ ಮಾಡಬಹುದಲ್ವಾ? ಅದು ಆಗುವವರೆಗೆ ಮಕ್ಕಳು, ಮೊಮ್ಮಕ್ಕಳು ಅಟ್ಟದ ಪೆಟ್ಟಿಗೆಯನ್ನು ರದ್ದಿಯವರಿಗೆ ಕೊಡುವ ಮುಂಚೆ ಒಮ್ಮೆ ತೆರೆದು ನೋಡಲಿ. ಅಜ್ಜ ಎದುರಿಗಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು, ಯಾವುದು ಏನೆಂದು ಕೇಳಿ ಬರೆದಿಟ್ಟುಕೊಳ್ಳಲಿ.